ಪರದೆಯ ಕಡೆಯಿಂದೊಂದು ದಾರಿ

ಔಷಧಿ ಹನಿಸುವ ಪಂಪಿನ ಪ್ರೋಗ್ರಾಮನ್ನು ರವ್ದಾ ಕೊನೆಯಿಂದ ಹಿಂದಕ್ಕೆ ಓದುತ್ತ, ಔಷಧಿಯ ಅಳತೆಗೆ ಸಂಬಂಧವೇ ಇಲ್ಲದ ಭಾಗಗಳಿಗೆ ಕಾಟು ಹಾಕುತ್ತಿದ್ದಳು. ಪಕ್ಕದಲ್ಲಿ ಪರೀಕ್ಷೆಯ ಕಂಪ್ಯೂಟರು ಹನ್ನೊಂದು ದಿನದಿಂದ ಗುಂಯ್‌ಗುಡುತ್ತಿತ್ತು. ಪ್ರೋಗ್ರಾಮಿನ ಪ್ರತಿ ಕವಲನ್ನೂ ಹೊಕ್ಕು ನೋಡುವುದು ಅದರ ಕೆಲಸ. ಕವಲು ಒಂದು ಎರಡಾಗಿ, ಎರಡು ನಾಲ್ಕಾಗಿ, ಪಂಪಿನ ಪರದೆಯ ಮೇಲೆ ಅರಬ್ಬಿ ಬರಹದ ಸಾಲನ್ನು ಎಲ್ಲಿ ಮುರಿಯಬೇಕು ಎಂಬಲ್ಲೇ ಅದು ಲಕ್ಷಾಂತರ ದಾರಿಗಳಲ್ಲಿ ಸಿಕ್ಕಿಬಿದ್ದಿತ್ತು. ಅಳತೆಯ ಹತ್ತಿರಕ್ಕೂ ಬಂದಿರಲಿಲ್ಲ.

ಸೋಮವಾರ ಪಂಪುಗಳು ಸ್ಫಾಕ್ಸ್ ಊರಿನ ಈ ಕಂಪನಿಯಿಂದ ಮಕ್ಕಳ ವಾರ್ಡೊಂದಕ್ಕೆ ಹೊರಡಬೇಕು. ದೋಷವಿಲ್ಲ ಎಂಬ ಕಾಗದಕ್ಕೆ ಸಹಿ ಅವಳದು.

ಮೊದಲು ಓದಿ, ಪರೀಕ್ಷೆಯ ಪ್ರತಿಯಿಂದ ಬೇಡದ್ದನ್ನು ಕತ್ತರಿಸಿ, ಆಮೇಲೆ ಓಡಿಸೋಣ ಎಂದು ಅವಳು ಮೊದಲ ದಿನವೇ ಹೇಳಿದ್ದಳು. "ಮಷೀನ್ ಇರೋದೇ ಓಡೋಕೆ, ಲಲ್ಲಾ ರವ್ದಾ," ಎಂದು ಮುಖ್ಯಸ್ಥ ನೌಫಲ್ 'ಲಲ್ಲಾ' ಎಂಬ ಮರ್ಯಾದೆ ಸೇರಿಸಿ ನಕ್ಕಿದ್ದ. ಇವತ್ತು ಅವನೇ ಬಾಗಿಲಲ್ಲಿ ನಿಂತಿದ್ದ.

"ಇನ್ನೂ ಮುಗೀಲಿಲ್ವಾ? ನನಗೊಂದು ಉಪಾಯ ಹೊಳೀತು. ಬೇಡದ್ದನ್ನ ಕತ್ತರಿಸಿಬಿಡಿ."

"ಎಂಥ ತಲೆ ನಿಮ್ದು, ಸಿ ನೌಫಲ್! ನನಗೆ ಹೊಳೀಲೇ ಇಲ್ಲ ನೋಡಿ."

'ಸಿ' ಎಂಬ ಗೌರವದ ಜೊತೆಗಿದ್ದ ಕೊಂಕು ಅವನಿಗೆ ಚುಚ್ಚಲಿಲ್ಲ. "ಪರದೆ ಭಾಗ ಪೂರ್ತಿ ತೆಗೀರಿ."

"ಪೂರ್ತಿ ಆಗಲ್ಲ. ಒಂದು ದಾರಿ ಅಲ್ಲಿಂದ ಅಳತೆಗೆ ಬಂದು ಸೇರುತ್ತೆ. ಔಷಧಿ ಹೋಗ್ತಿರೋವಾಗ ಪರದೆ ಭಾಷೆ ಬದಲಾಯಿಸಿದ್ರೆ, ಅಲ್ಲೀವರೆಗೆ ಕೊಟ್ಟಿದ್ದರ ಲೆಕ್ಕ ಸೊನ್ನೆ ಆಗೋ ಹಾಗಿದೆ. ಪಂಪು ಮತ್ತೆ ಮೊದಲಿಂದ ಕೊಡುತ್ತೆ."

"ಹಾಗಿದೆ ಅಂದ್ರೆ? ಖಾತ್ರಿನಾ?"

"ಓದಿದ್ರೆ ಅನುಮಾನ ಮಾತ್ರ ಬರುತ್ತೆ. ಖಾತ್ರಿ ಆಗ್ಬೇಕಾದ್ರೆ ಮಷೀನ್ ಆ ದಾರೀಲಿ ಹೋಗ್ಬೇಕು. ಒಂದು ದಿನ ಕೊಡಿ."

"ಅಯ್ಯೋ ತಾಯಿ! ಔಷಧಿ ಹೋಗ್ತಿರೋವಾಗ ಯಾರು ಭಾಷೆ ಬದಲಾಯಿಸ್ತಾರೆ? ನರ್ಸುಗಳೆಲ್ಲ ಫ್ರೆಂಚಲ್ಲೇ ಕೆಲಸ ಮಾಡೋರು. ಕತ್ತರಿಸಿ. ಸಂಜೆ ಸಹಿ ಮಾಡಿ ಮೇಜಿನ ಮೇಲಿಡಿ."

ಯಾರು? ರವ್ದಾಳ ಮಗಳು ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಗುವಿನ ಅಜ್ಜಿ, ಅಂದರೆ ರವ್ದಾಳ ಅತ್ತೆ, ನರ್ಸಿನ ತೋಳು ಹಿಡಿದು, "ಅದೇನು ಬರ್ದಿದೆಯೋ, ನಂಗೂ ಓದೋ ಹಾಗೆ ಮಾಡೇ ತಾಯಿ" ಎಂದಿದ್ದರು. ಫ್ರೆಂಚ್ ಬಾರದ ಹೆಂಗಸು. ನರ್ಸು ನಗುತ್ತ, ಔಷಧಿ ಹೋಗುತ್ತಿದ್ದಂತೆಯೇ, ಅಲ್ಲಿದ್ದ ಹಳೆಯ ಪಂಪಿನ ಪರದೆಯನ್ನು ಅರಬ್ಬಿಗೆ ಬದಲಾಯಿಸುವ ಗುಂಡಿ ಒತ್ತಿದ್ದಳು. ಆ ವಾರ್ಡಿನಲ್ಲಿ ಪ್ರತಿ ಮಂಚಕ್ಕೂ ಒಬ್ಬೊಬ್ಬ ಅಜ್ಜಿ ಇದ್ದಳು. ನೌಫಲ್ ಅಂಥ ಮಂಚದ ಪಕ್ಕ ಎಂದಾದರೂ ಕೂತಿದ್ದನೋ ಇಲ್ಲವೋ.

ರವ್ದಾ ಹನ್ನೊಂದು ದಿನದ ಓಟವನ್ನು ನಿಲ್ಲಿಸಿದಳು. ಆ ಒಂದು ದಾರಿಯನ್ನು ಉಳಿಸಿಕೊಂಡು, ಪರದೆಯ ಮಿಕ್ಕ ಭಾಗವನ್ನೆಲ್ಲ ಕತ್ತರಿಸಿ, ಮತ್ತೆ ಓಡಿಸಿದಳು. ಸಹಿ ಹಾಕದ ಕಾಗದವನ್ನು ನಾಲ್ಕಾಗಿ ಮಡಿಸಿ ಕೈಚೀಲದ ತಳಕ್ಕೆ ತುರುಕಿದಳು. ಸಂಜೆ ನೌಫಲ್‌ನ ಕೋಣೆಯ ಮುಂದೆಯೇ ಹಾದು, "ನಾಳೆ ಬರ್ತೀನಿ, ಸಿ ನೌಫಲ್" ಎಂದು ಎಂದಿನ ದನಿಯಲ್ಲೇ ಹೇಳಿ ಮೆಟ್ಟಿಲಿಳಿದಳು.