ಅವ್ವ ತಂದ ಕೌದಿ

ಹಾಸ್ಟೆಲಿಗೆ ಬಂದಾಗಲೆಲ್ಲ ಅವ್ವ ಮನೆಯಿಂದ ಏನಾದರೊಂದು ಹೊತ್ತು ತರುತ್ತಿದ್ದಳು. ಮೊದಲು ಅಲ್ಲಿನ ನನ್ನ ಖೋಲಿಯ ಕಿಟಕಿಯ ಹಳದಿ ಪರದೆ, ಆಮೇಲೆ ನಾನು ಬೊಟ್ಟು ಅಂಟಿಸಿಡುತ್ತಿದ್ದ ಕನ್ನಡಿ. ಈ ಸಲ, ಸಣ್ಣವಳಿದ್ದಾಗಿನಿಂದ ಹೊದೆಯುತ್ತಿದ್ದ ಕೌದಿ.

“ಇಷ್ಟೆಲ್ಲಾ ಯಾಕ ತರ್ತೀ ಅವ್ವಾ?” ಎಂದೆ.

“ಇರ್ಲಿ ಬಿಡು. ನಿನಗ ಇದೂ ಮನಿ ಅನಸಬೇಕು.”

ಅವಳು ಹೋದ ಮೇಲೆ ಪಕ್ಕದ ಮಂಚದ ಗೆಳತಿ ಕೌದಿ ಸವರಿದಳು. “ನಿಮ್ಮವ್ವಗ ನಿನ್ನ ಮ್ಯಾಲೆ ಎಷ್ಟ ಜೀವ ನೋಡು.”

ಸಂಜೆ ಅವ್ವನಿಗೆ ಫೋನು ಮಾಡಿದೆ. “ದೀಪಾವಳಿಗೆ ಬರ್ತೀನಿ. ನನ್ನ ಖೋಲಿ ಕಸಾ ಹೊಡದಿಡು.”

ಅವ್ವ ದನಿ ತಗ್ಗಿಸಿದಳು.

“ಬರೂಮುಂದ ಆ ಕೌದಿ ತಗೊಂಡು ಬಾ. ನಿನ್ನ ಖೋಲಿ ಅಣ್ಣ-ವೈನಿಗೆ ಕೊಟ್ಟೇವಿ. ಪಡಸಾಲ್ಯಾಗ ಥಂಡಿ ಭಾಳ.”