ಶಾಬ್ಲಿ ವೈನೂ ಕರಟಿದ ಕಾಣೆ ಮೀನೂ

ಮಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಯತೀಶನ ಮೂಗಿಗೆ ಭಾರಿ ಹೆಸರು...

ಯಾವ ವೈನ್ ಜೊತೆ ಯಾವ ಊಟ ಹೊಂದುತ್ತದೆ ಎಂದು ಅತಿಥಿಗಳಿಗೆ ಹೇಳುವುದೇ ಅವನ ಕೆಲಸ.

ಆ ಮೂಗು ಕೆಡಬಾರದೆಂದು ಮನೆಯಲ್ಲಿ ಅವನದೇ ಕಾನೂನು. ಅವನಿರುವಾಗ ಒಗ್ಗರಣೆ ಹಾಕಬಾರದು. ಒಣಮೀನು ಸುಡಬಾರದು. ಊದುಬತ್ತಿ ಹಚ್ಚಬಾರದು. ಹೆಂಡತಿ ಹರಿಣಾಕ್ಷಿ ಮಲ್ಲಿಗೆ ಮುಡಿಯಬಾರದು...

ಅವಳು ಒಂದು ಮಾತೂ ಎದುರಾಡಿರಲಿಲ್ಲ.

ಈ ಸಲ ಹೋಟೆಲಿನಲ್ಲಿ ದೊಡ್ಡ ಔತಣ. ಶಾಬ್ಲಿ ಎಂಬ ಫ್ರಾನ್ಸಿನ ಬಿಳಿ ವೈನ್‌ಗೆ ನಮ್ಮೂರಿನ ಅಡುಗೆ ಹೊಂದಿಸಬೇಕಿತ್ತು.

ರಜೆಯ ದಿನ ಯತೀಶ ಬಾಟಲಿಯನ್ನು ಮನೆಗೇ ತಂದ. ಹರಿಣಾಕ್ಷಿಗೆ ಕಾಣೆ ಮೀನು ಹುರಿಯಲು ಹೇಳಿದ.

"ಖಾರ ಹಾಕ್ಬೇಡ ಮಾರಾಯ್ತಿ. ಖಾರ ತಿಂದ್ರೆ ಈ ವೈನು ಬರೀ ಹುಳಿ ನೀರು. ಉಪ್ಪು, ಲಿಂಬೆಹುಳಿ, ಮೇಲೆ ಸ್ವಲ್ಪ ರವೆ... ಸಾಕು."

"ಮತ್ತೆ ಅದು ಕಾಣೆ ಫ್ರೈ ಅಲ್ಲ, ಆಸ್ಪತ್ರೆ ಊಟ!"

"ಫ್ರಾನ್ಸಲ್ಲಿ ಇದರ ಜೊತೆ ಹಸಿ ಚಿಪ್ಪುಮೀನೇ ತಿಂತಾರೆ, ಗೊತ್ತುಂಟಾ? ಒಳ್ಳೆ ಶಾಬ್ಲಿಗೆ ಹಸಿರು ಸೇಬಿನ ಪರಿಮಳ, ಒದ್ದೆ ಕಲ್ಲಿನ ಪರಿಮಳ..."

"ದೇವರೇ, ಕಲ್ಲನ್ನೂ ಮೂಸಿ ನೋಡಿದ್ರಾ ನೀವು?"

ಇಬ್ಬರೂ ನಕ್ಕರು.

ಅವನು ಚಾವಡಿಯಲ್ಲಿ ಗ್ಲಾಸಿಗೆ ಮೂಗಿಟ್ಟು ಕೂತ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕರಟಿದ ವಾಸನೆ...

ಓಡಿಹೋದ. ಕಾವಲಿಯಲ್ಲಿ ಮೀನು ಕಪ್ಪಾಗಿ ಹೊಗೆ ಏಳುತ್ತಿತ್ತು. ಹರಿಣಾಕ್ಷಿ ಒಲೆಗೆ ಬೆನ್ನು ಹಾಕಿ, ನೆಮ್ಮದಿಯಾಗಿ ಈರುಳ್ಳಿ ಹೆಚ್ಚುತ್ತಿದ್ದಳು!

"ಮೀನೆಲ್ಲ ಹಾಳಾಯ್ತಲ್ಲ! ಮೂಗು ಉಂಟಾ ಇಲ್ವಾ ನಿಂಗೆ?"

"ಇಲ್ಲ."

ಹಂಗಿಸುತ್ತಿದ್ದಾಳೆ ಎಂದುಕೊಂಡ. "ಎಂತ ಇಲ್ಲ?"

ಅವಳು ಒಲೆ ಆರಿಸಿದಳು.

"ವಾಸನೆ ಗೊತ್ತಾಗುದಿಲ್ಲ. ಮಳೆಗಾಲದಲ್ಲಿ ಜ್ವರ ಬಂದಿತ್ತಲ್ಲ, ಆಮೇಲೆ ಏನೂ ಇಲ್ಲ. ಹಾಲು ಹಾಳಾದ್ರೂ ಗೊತ್ತಾಗುದಿಲ್ಲ. ಗ್ಯಾಸ್ ಲೀಕ್ ಆದ್ರೆ ಎಂತ ಮಾಡುದು ಅಂತ ಹೆದರಿ, ರಾತ್ರಿ ಎದ್ದೆದ್ದು ಬಂದು ನೋಡ್ತೇನೆ... ಮಲ್ಲಿಗೆ ಮುಡಿದ್ರೂ ಒಂದೇ, ಬಿಟ್ರೂ ಒಂದೇ."

ಯತೀಶನ ಕೈಯಲ್ಲಿ ಗ್ಲಾಸ್ ಇನ್ನೂ ಹಾಗೆಯೇ ಇತ್ತು.

"ಡಾಕ್ಟ್ರ ಹತ್ರ ಹೋಗ್ಲಿಲ್ವಾ?"

"ಒಬ್ಳೇ ಹೋಗಿ ಬಂದೆ. ಲವಂಗ, ಏಲಕ್ಕಿ ಅಂತ ದಿನಾ ಮೂಸಿ ಅಭ್ಯಾಸ ಮಾಡ್ಬೇಕಂತೆ. ಬಂದ್ರೆ ಬರಬಹುದು, ಬಾರದೆಯೂ ಇರಬಹುದು. ವಾಸನೆ ಬಗ್ಗೆ ಗೊತ್ತಿದ್ದವರು ಯಾರಾದ್ರೂ ಜೊತೆಗೆ ಕೂತ್ರೆ ಒಳ್ಳೇದು ಅಂದ್ರು."

ಹೋಟೆಲಿಗೆ ಹೊಸದಾಗಿ ಸೇರಿದವರನ್ನು ಎದುರು ಕೂರಿಸಿಕೊಂಡು, ವಾಸನೆ ಗುರುತಿಸಲು ಕಲಿಸುವವನು ಯತೀಶನೇ...

"ನಂಗೆ ಹೇಳ್ಬಾರ್ದಿತ್ತಾ?"

ಅವಳು ಕಣ್ಣೊರೆಸಿಕೊಂಡಳು. ಈರುಳ್ಳಿಗೋ, ಮಾತಿಗೋ...

"ಹೇಳ್ಲಿಕ್ಕೆ ಬಂದಿದ್ದೆ. ನೀವು ಗ್ಲಾಸ್ ಹಿಡ್ಕೊಂಡು ಕೂತಿದ್ರಿ. 'ಸ್ವಲ್ಪ ಸುಮ್ಮನಿರು, ಪರಿಮಳ ತಪ್ಪಿಹೋಗ್ತದೆ' ಅಂದ್ರಿ."

ಅವನಿಗೆ ಅದು ನೆನಪೇ ಇರಲಿಲ್ಲ.

ನೆನಪಿಲ್ಲ ಎನ್ನುವುದೇ ಅವನನ್ನು ಹೆಚ್ಚು ಸುಟ್ಟಿತು...

ಔತಣ ಚೆನ್ನಾಗಿಯೇ ನಡೆಯಿತು. ಮೀನೂ ವೈನೂ ಎಷ್ಟು ಚೆನ್ನಾಗಿ ಹೊಂದಿವೆ ಎಂದು ಅತಿಥಿಗಳೆಲ್ಲ ಹೊಗಳಿದರು. ಅವನಿಗೆ ತಲೆ ಎತ್ತಲಾಗಲಿಲ್ಲ.

ಈಗ ದಿನಾ ಬೆಳಿಗ್ಗೆ ಹೆಂಡತಿಯ ಎದುರು ಕೂರುತ್ತಾನೆ. ಲವಂಗ ಜಜ್ಜಿ ಅವಳ ಮೂಗಿನ ಹತ್ತಿರ ಹಿಡಿಯುತ್ತಾನೆ.

"ಏನಾದ್ರೂ?"

"ಇಲ್ಲ."

"ಅವಸರ ಇಲ್ಲ. ಇನ್ನೊಮ್ಮೆ ಉಸಿರು ತಗೋ."

"ನಿಮ್ಗೆ ಕೆಲಸಕ್ಕೆ ಲೇಟಾಗುದಿಲ್ವಾ?"

"ಆಗ್ಲಿ."

ಅವಳು ಕಣ್ಣು ಮುಚ್ಚಿ ಮತ್ತೆ ಉಸಿರೆಳೆದುಕೊಳ್ಳುತ್ತಾಳೆ...

ಹೊರಗಿನವರಿಗೆ ಏನು ಹೊಂದುತ್ತದೆ ಎಂದು ಹುಡುಕುವ ಭರದಲ್ಲಿ, ಮನೆಯವರು ಏನು ಕಳೆದುಕೊಂಡರು ಎನ್ನುವುದೇ ನಮಗೆ ಗೊತ್ತಾಗುವುದಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಏನೋ ಹೇಳಲು ಬಂದು, ನೀವು "ಸ್ವಲ್ಪ ಇರು" ಅಂದಿದ್ದಕ್ಕೆ ಹಾಗೇ ಹಿಂದಿರುಗಿ ಹೋಗಿದ್ದಾರಾ... ಒಮ್ಮೆ ಕೇಳಿ ನೋಡುತ್ತೀರಾ?