ಬೆಳ್ಳಿಯಮ್ಮನ ಸಾಕ್ಷಿ

ಮಗಳನ್ನು ಯೇಸು ವಾಸಿಮಾಡಿದ ಎಂದು ಬೆಳ್ಳಿಯಮ್ಮ ಪ್ರಾರ್ಥನಾ ಸಭೆಯಲ್ಲಿ ಸಾಕ್ಷಿ ಹೇಳಬೇಕಾಗಿದ್ದ ಭಾನುವಾರ ಬೆಳಿಗ್ಗೆಯೇ ಸರಣ್ಯಾಳಿಗೆ ಮತ್ತೆ ಫಿಟ್ಸ್ ಬಂತು. ಹದಿಮೂರು ವರ್ಷದ ಹುಡುಗಿ, ಸಭೆಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದವಳು ಹಾಗೆಯೇ ಕುಸಿದಳು. ಬೆಳ್ಳಿಯಮ್ಮ ಮಗಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ಟವೆಲ್ ಮಡಿಸಿಟ್ಟು, ಸೆಳೆತ ನಿಲ್ಲುವವರೆಗೂ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು.

"ಬಂದಿತ್ತಾಮ್ಮಾ?" ಕಣ್ಣು ಬಿಟ್ಟ ಸರಣ್ಯಾ ಕೇಳಿದಳು.

"ಬಂತು ಕಣ್ಣು. ಹೋಯ್ತು."

ಬಾಗಿಲಲ್ಲಿ ನಿಂತಿದ್ದ ಗಂಡ ಮೈಲ್‌ಸಾಮಿ ಸಭೆಗೆ ಎಂದೂ ಕಾಲಿಟ್ಟವನಲ್ಲ. "ಮೂರು ತಿಂಗಳು ಬರಲಿಲ್ಲ, ಯೇಸಪ್ಪ ವಾಸಿ ಮಾಡಿದ ಅಂತ ನಿಮ್ಮೋರು ಊರೆಲ್ಲ ಹೇಳ್ಕೊಂಡು ಬಂದ್ರಲ್ಲ, ಈಗೇನು ಹೇಳ್ತೀಯ?" ಎಂದ.

"ಮಾತ್ರೆ ನಾನು ಒಂದು ದಿನವೂ ತಪ್ಪಿಸಿಲ್ಲ."

"ಅದನ್ನ ಅಲ್ಲಿ ಹೇಳಿದ್ದೀಯಾ?"

ಹೇಳಿರಲಿಲ್ಲ. ಫಿಟ್ಸ್ ಬರುತ್ತದೆಂದು, ನೆಂಟರ ಮನೆಯ ಮದುವೆಗೆ ಹುಡುಗಿಯನ್ನು ಕರೆದುಕೊಂಡು ಬರಬೇಡ ಎಂದಿದ್ದಳು ನಾದಿನಿ. ತಮಿಳುನಾಡಿನ ಅವಿನಾಶಿ ಊರಿನ ಅಂಚಿನಲ್ಲಿ ಹಳೆಯ ಮಗ್ಗದ ಶೆಡ್ಡಿನಲ್ಲಿ ನಡೆಯುವ ಆ ಸಭೆಯಲ್ಲಿ ಮಾತ್ರ ಜನ ಸರಣ್ಯಾಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಫಿಟ್ಸ್ ನಿಂತ ಮೇಲಂತೂ ಮುಂದಿನ ಚಾಪೆಯಲ್ಲಿ ತಾಯಿ ಮಗಳಿಗೆ ಜಾಗ ಬಿಡುತ್ತಿದ್ದರು. ಮಾತ್ರೆಯ ಮಾತು ಯಾರೂ ಕೇಳಲಿಲ್ಲ, ಬೆಳ್ಳಿಯಮ್ಮನೂ ಎತ್ತಲಿಲ್ಲ.

ಪಾಸ್ಟರ್ ದಿವಾಕರ್ ಇನ್ನೂ ಮೂವತ್ತು ದಾಟದವರು. ಅವರ ಮನೆಮಾತೂ ಕನ್ನಡವೇ ಆದ್ದರಿಂದ ಬೆಳ್ಳಿಯಮ್ಮನ ಹತ್ತಿರ ಅದರಲ್ಲೇ ಮಾತಾಡುತ್ತಿದ್ದರು. ಸಭೆಯ ಬಾಗಿಲಲ್ಲೇ ಅವಳು ಅವರನ್ನು ಪಕ್ಕಕ್ಕೆ ಕರೆದು ಬೆಳಗಿನ ಸಂಗತಿ ಹೇಳಿದಳು. ಅವರ ಮುಖ ಇಳಿದುಹೋಯಿತು.

"ಅಕ್ಕಾ, ಮೂರು ತಿಂಗಳು ಬರಲಿಲ್ಲ ಅನ್ನೋದು ನಿಜ ತಾನೇ? ಇವತ್ತು ಅಷ್ಟು ಮಾತ್ರ ಹೇಳಿ. ತಿರುಪ್ಪೂರಿಂದ ಹೊಸಬರು ಬಂದಿದ್ದಾರೆ. ಅವರ ನಂಬಿಕೆ ಕುಂದಬಾರದು."

"ಸುಳ್ಳಾಗಲ್ವಾ ಪಾಸ್ಟರ್?"

"ಸುಳ್ಳು ಎಲ್ಲಿ ಹೇಳ್ತಿದ್ದೀರಿ ಅಕ್ಕಾ?" ಎಂದರು ಅವರು. ಆದರೆ ಅವಳ ಮುಖ ನೋಡಲಿಲ್ಲ.

ನಿಜಕ್ಕೂ ಅದು ಸುಳ್ಳಲ್ಲ ಎಂದು ಬೆಳ್ಳಿಯಮ್ಮನಿಗೂ ಅನ್ನಿಸತೊಡಗಿತು. ಮೂರು ತಿಂಗಳು ಎಂದರೆ ಸಾಕು, ಜನ ಸ್ತೋತ್ರಂ ಎಂದು ದೇವರನ್ನು ಹೊಗಳುತ್ತಾರೆ, ಎಲ್ಲ ಇದ್ದ ಹಾಗೇ ಇರುತ್ತದೆ. ಆ ಯೋಚನೆಯಿಂದ ಎದೆ ಹಗುರಾಗಿ ಅವಳು ಚಾಪೆಯ ಮೇಲೆ ಕೂತಳು.

ಪಕ್ಕದಲ್ಲಿ ಹೊಸಬಳೊಬ್ಬಳು ಮೂರು ವರ್ಷದ ಹೆಣ್ಣುಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಹೆಸರು ತೆನ್ಮೊಳಿ, ಬನಿಯನ್ ಕಂಪನಿಯಲ್ಲಿ ಟೈಲರ್. "ನಿಮ್ಮ ಮಗಳ ವಿಷಯ ಕೇಳಿಯೇ ಬಂದೆ ಅಕ್ಕಾ," ಎಂದಳು ತಮಿಳಿನಲ್ಲಿ. "ಇವಳಿಗೂ ಅದೇ ಕಾಯಿಲೆ. ಗುರುವಾರದಿಂದ ಮಾತ್ರೆ ನಿಲ್ಲಿಸಿಬಿಟ್ಟೆ. ನಿಮ್ಮ ಹಾಗೆ ನನಗೂ ನಂಬಿಕೆ ಇದೆ."

ಬೆಳ್ಳಿಯಮ್ಮ ಮಗುವನ್ನು ನೋಡಿದಳು. ಬಾಯಿ ಸ್ವಲ್ಪ ತೆರೆದು ನಿದ್ದೆ ಮಾಡುತ್ತಿತ್ತು. ಅವಳು ಕಣ್ಣು ಮುಚ್ಚಿ, 'ಯೇಸಪ್ಪಾ, ನನ್ನ ಮಾನ ಉಳಿಸು' ಎಂದು ಬೇಡಿಕೊಳ್ಳಲು ಹೊರಟಳು. ಆ ಮಾತು ಬರಲಿಲ್ಲ. 'ನಿಜ ಹೇಳೋ ಬಾಯಿ ಕೊಡು' ಎಂದಷ್ಟೇ ಬಂತು. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

"ಇವತ್ತು ಬೆಳಿಗ್ಗೆ ನನ್ನ ಮಗಳಿಗೆ ಫಿಟ್ಸ್ ಬಂತು," ಎಂದಳು ಮೈಕ್ ಹಿಡಿದು, ತಮಿಳಿನಲ್ಲಿ. ಮೆಲ್ಲಗೆ ನುಡಿಯುತ್ತಿದ್ದ ಕೀಬೋರ್ಡು ನಿಂತಿತು. "ಮಾತ್ರೆ ನಾವು ಯಾವತ್ತೂ ನಿಲ್ಲಿಸಿಲ್ಲ. ನಿಲ್ಲಿಸಿದ್ದೀವಿ ಅಂತ ನೀವು ಅಂದ್ಕೊಂಡ್ರಿ, ನಾನು ಸುಮ್ಮನಿದ್ದೆ. ನೀವು ಕೊಟ್ಟ ಮರ್ಯಾದೆ ಬಿಡೋಕೆ ಮನಸ್ಸು ಬರಲಿಲ್ಲ." ತೆನ್ಮೊಳಿಯ ಕಡೆ ತಿರುಗಿದಳು. "ತಂಗೀ, ಇವತ್ತೇ ಮಗೂನ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋಣ. ನಾನೂ ಬರ್ತೀನಿ."

"ಹಾಗಾದ್ರೆ ಇದೆಂಥ ಸಾಕ್ಷಿ?" ಹಿಂದಿನಿಂದ ಯಾರೋ ಗೊಣಗಿದರು.

ಬೆಳ್ಳಿಯಮ್ಮನಿಗೆ ಅದು ಕೇಳಿಸಿತು. "ಮೊದಲೆಲ್ಲ ಇವಳಿಗೆ ಬಂದಾಗ ನಾನು ಕಿರುಚಿಕೊಂಡು ಬೀದಿಗೆ ಓಡ್ತಿದ್ದೆ. ಮಗು ಒಬ್ಬಳೇ ನೆಲದ ಮೇಲೆ ಒದ್ದಾಡ್ತಿದ್ದಳು. ಇವತ್ತು ಓಡಲಿಲ್ಲ. ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತಿದ್ದೆ. ಆ ಬಲ ನನ್ನದಲ್ಲ. ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನನ್ನ ಸಾಕ್ಷಿ ಇಷ್ಟೇ."

ಯಾರೂ ಸ್ತೋತ್ರಂ ಎನ್ನಲಿಲ್ಲ. ಅವಳು ಬಂದು ಕೂತಾಗ ಸರಣ್ಯಾ ಹತ್ತಿರ ಸರಿದು ತಾಯಿಯ ತೋಳಿಗೆ ತಲೆಯಿಟ್ಟಳು. ತೆನ್ಮೊಳಿ ಮಗುವನ್ನು ಎದೆಗೊತ್ತಿಕೊಂಡು, ಬರುತ್ತೇನೆ ಎನ್ನುವಂತೆ ತಲೆಯಾಡಿಸಿದಳು.

ದಿವಾಕರ್ ಮೈಕ್ ತೆಗೆದುಕೊಂಡರು. "ಮಾತ್ರೆ ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ," ಎಂದು ಶುರುಮಾಡಿ ತಡೆದರು. ಕೈಯಲ್ಲಿದ್ದ ಬೈಬಲ್ಲನ್ನು ಮುಚ್ಚಿದರು. "ಬಿಡಬೇಡಿ ಅಂತಲೂ ಹೇಳಿಲ್ಲ. ಇವತ್ತು ಅಕ್ಕನಿಗೂ ಪೂರ್ತಿ ಹೇಳಬೇಡಿ ಅಂದೆ. ನನ್ನನ್ನು ಕ್ಷಮಿಸಿ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಇನ್ಯಾರಾದರೂ ಮಾತ್ರೆ ಬಿಟ್ಟಿದ್ದೀರಾ? ಕೈ ಎತ್ತಿ."

ಗೋಡೆಗೆ ಒರಗಿ ಕೂತಿದ್ದ ಮುದುಕಿಯೊಬ್ಬಳ ಕೈ ಮೆಲ್ಲಗೆ ಮೇಲೆದ್ದಿತು.

"ಸಕ್ಕರೆ ಕಾಯಿಲೆ ಮಾತ್ರೆ ಕಣಪ್ಪಾ," ಎಂದರು ಆಕೆ, ದಿವಾಕರರ ತಾಯಿ.